ಆಚೆ ದಡದ ಕಂಬ

ನನ್ನ ತಮ್ಮನನ್ನು ಊರಿನವರು ದುರ್ಬೀನು ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ಅವನ ಕತ್ತಿನಲ್ಲಿ ಸದಾ ಒಂದು ಹಳೆಯ ದುರ್ಬೀನು ನೇತಾಡುತ್ತಿತ್ತು. ಯಾವನೋ ಹಡಗಿನವನು ಮಾರಿಹೋದದ್ದು, ಇಟ್ಟಿಗೆಯಷ್ಟು ಭಾರ. ಕ್ಷೌರಕ್ಕೆ ಕೂತಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ, ಬಟ್ಟೆಯ ಕೆಳಗೆ ಹೊಟ್ಟೆ ಉಬ್ಬಿಸಿಕೊಂಡು ಬಸುರಿಯ ಹಾಗೆ ಕೂರುತ್ತಿದ್ದ. ಹೇಳಿ ಹೇಳಿ ನನಗೂ ಸಾಕಾಗಿತ್ತು.

ಅದು ಅವನ ಕಸುಬಿನ ಸಾಮಾನು ಎನ್ನುವುದೂ ನಿಜವೇ. ಕೇಬಲ್ ಎಳೆಯಲಾಗದ ಕಡೆಗೆ, ಹಿನ್ನೀರಿನ ಆಚೆಗೆ, ಗುಡ್ಡದ ನೆತ್ತಿಗೆ, ಗಾಳಿಯಲ್ಲೇ ಇಂಟರ್ನೆಟ್ ಮುಟ್ಟಿಸುವುದು ಅವನ ಕೆಲಸ. ಈ ತುದಿಯಲ್ಲೊಂದು ಡಿಶ್, ಆ ತುದಿಯಲ್ಲೊಂದು ಡಿಶ್, ಎರಡೂ ಮುಖಕ್ಕೆ ಮುಖ ಕೊಟ್ಟು ನಿಂತಿರಬೇಕು. ನಮ್ಮ ಅಂಗಡಿ ಒಂದೇ ಕೋಣೆ, ನಡುವೆ ಒಂದು ಪರದೆ. ಮುಂದಿನ ಅರ್ಧದಲ್ಲಿ ನನ್ನ ಹೊಲಿಗೆ ಯಂತ್ರ, ಹಿಂದಿನ ಅರ್ಧದಲ್ಲಿ ಅವನ ಡಿಶ್ಶು, ಪೈಪು, ಕ್ಲಾಂಪು ಮತ್ತು ತುಕ್ಕು. ನಾನು ಹೊಲಿದ ಬಿಳಿ ಅಂಗಿಗೆ ಅವನ ಕೈಗುರುತು ಬೀಳದ ವಾರವೇ ಇಲ್ಲ.

ಸಾಮಾನು ಆರಿಸುವುದರಲ್ಲಿ ಅವನು ಗಟ್ಟಿಗ. ಇದನ್ನು ನಾನು ಅವನೆದುರು ಹೇಳುವವಳಲ್ಲ. ಗಿರಾಕಿ ಬಂದು ಡಿಶ್ ಎಷ್ಟು ದೊಡ್ಡದು ಹಾಕ್ತೀರಿ ಎಂದು ಕೇಳಿದರೆ ಇವನು ನಿಮ್ಮ ಕಂಬ ಎಷ್ಟು ದಪ್ಪ ಇದೆ ಎಂದು ಕೇಳುತ್ತಾನೆ. ಹೋಗಿ ಮಾಳಿಗೆ ಹತ್ತುತ್ತಾನೆ, ದುರ್ಬೀನು ಹಿಡಿದು ಆ ತುದಿ ಕಣ್ಣಿಗೆ ಕಾಣುತ್ತದೆಯೇ ನೋಡುತ್ತಾನೆ, ನಡುವೆ ಯಾವ ಮರ ಇನ್ನೂ ಬೆಳೆಯುವ ವಯಸ್ಸಿನದು, ಗಾಳಿ ಯಾವ ಕಡೆಯಿಂದ ಬರುತ್ತದೆ, ಎಲ್ಲ ವಿಚಾರಿಸುತ್ತಾನೆ. ಬಿಸಿಲು ಮಳೆ ತಡೆಯುವ ದಪ್ಪ ಕಪ್ಪು ಕೇಬಲ್ಲೇ ಬೇಕು ಎಂದು ಹಟ ಹಿಡಿಯುತ್ತಾನೆ. ಡಿಶ್ಶಿನ ಮಾತು ಕೊನೆಗೆ.

ಒಮ್ಮೆ ಇಟ್ಟಿಗೆ ಭಟ್ಟಿಯ ಯಜಮಾನ ಬಂದು, ರಸ್ತೆಗೆ ಕಾಣುವಂಥ ಎಲ್ಲಕ್ಕಿಂತ ದೊಡ್ಡ ಡಿಶ್ಶೇ ಬೇಕು ಎಂದು ಕೂತ. ಇವನು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪು ಕೈಗೆ ಕೊಟ್ಟ. ಬಾಯಿ ಬಿಟ್ಟು ಹಿಡಿದರೆ ನೀರು ಅಗಲಕ್ಕೆ ಬೀಳುತ್ತದೆ, ಕೈ ಸ್ವಲ್ಪ ಅಲುಗಿದರೂ ಗಿಡಕ್ಕೆ ತಪ್ಪುವುದಿಲ್ಲ. ಹೆಬ್ಬೆರಳಿನಿಂದ ಬಾಯಿ ಒತ್ತಿದರೆ ಸಣ್ಣ ಧಾರೆ ದೂರ ಹೋಗುತ್ತದೆ, ಕೈ ಅಲುಗಿದರೆ ಗಿಡಕ್ಕೆ ಒಂದು ಹನಿಯೂ ಇಲ್ಲ. ದೊಡ್ಡ ಡಿಶ್ ಅಂದರೆ ಆ ಸಣ್ಣ ಧಾರೆ, ಅದಕ್ಕೆ ಅಲುಗದ ಕಂಬ ಬೇಕು ಎಂದು ಹೇಳಿ, ಚಿಕ್ಕದನ್ನೇ ಕೊಟ್ಟು ಕಳಿಸಿದ. ಭಟ್ಟಿಯವನು ಒದ್ದೆ ಪ್ಯಾಂಟಿನಲ್ಲಿ ಹೋದ. ಈ ಪೈಪಿನ ಪಾಠವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಏಕೆಂದರೆ ಪಾಠ ಹೇಳಿದವನೇ ಆಮೇಲೆ ಅದನ್ನು ಮರೆತ.

ತಮ್ಮನ ಹೆಂಡತಿ ನರ್ಸು. ಮದುವೆಯಾದ ಕೆಲವೇ ದಿನಗಳಲ್ಲಿ ಅವಳಿಗೆ ಹಿನ್ನೀರಿನ ಆಚೆ ದಡದ ಆರೋಗ್ಯ ಕೇಂದ್ರಕ್ಕೆ ವರ್ಗವಾಯಿತು. ಸೋಮವಾರ ಬೆಳಗಿನ ಲಾಂಚಿಗೆ ಹೋದರೆ ಮತ್ತೆ ಶನಿವಾರವೇ ಬರುವುದು. ಆ ಕೇಂದ್ರಕ್ಕೆ ಇಂಟರ್ನೆಟ್ ಹಾಕುವ ಕೆಲಸ ತಮ್ಮನಿಗೇ ಸಿಕ್ಕಿತು. ನಮ್ಮ ಅಂಗಡಿಯ ಮೇಲೆಯೇ ಲಾಡ್ಜು, ಅದರ ನೀರಿನ ಟ್ಯಾಂಕಿನ ಪಕ್ಕ ಒಂದು ಚಿಕ್ಕ ಡಿಶ್. ಆಚೆ ಕೇಂದ್ರದ ಮಾಳಿಗೆಯ ಮೇಲೆ ನೀರಿನ ಪೈಪು ಬೆಸೆದು ನಿಲ್ಲಿಸಿದ ಕಂಬಕ್ಕೆ ಇನ್ನೊಂದು.

ಎರಡು ಡಿಶ್ಶುಗಳ ಮುಖ ಕೂಡಿಸಲು ಎರಡು ತುದಿಯಲ್ಲೂ ಒಬ್ಬೊಬ್ಬರು ಬೇಕು. ಒಬ್ಬರು ಕೂದಲೆಳೆಯಷ್ಟು ತಿರುಗಿಸುವುದು, ಇನ್ನೊಬ್ಬರು ಲ್ಯಾಪ್‌ಟಾಪಿನ ಪರದೆಯ ಮೇಲಿನ ಸಂಖ್ಯೆ ಓದಿ ಹೇಳುವುದು. ಆ ಸಂಖ್ಯೆ ಇಳಿದಷ್ಟೂ ಒಳ್ಳೆಯದು, ಏರಿದಷ್ಟೂ ಕೆಟ್ಟದ್ದು. ಐವತ್ತರ ಆಸುಪಾಸಿನಲ್ಲಿದ್ದರೆ ಕುಣಿದಾಡುತ್ತಾನೆ, ಎಂಬತ್ತು ಮುಟ್ಟಿದರೆ ಲೈನು ಸತ್ತಂತೆ. ಅಲ್ಲಿ ಅವಳು ನಿಂತಳು, ಇಲ್ಲಿ ಇವನು. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಾ ಕೇಳಿಸಿಕೊಂಡೆ. ಅವಸರ ಇಲ್ಲ, ನಿಧಾನಕ್ಕೆ ಹೇಳು, ಕಾಲು ನೋವಾದ್ರೆ ಕೂತ್ಕೋ ಎನ್ನುತ್ತಿದ್ದ. ನಾನು ಊಟಕ್ಕೆ ಕರೆದರೆ ಹೂಂ ಎನ್ನಲೂ ಸೋಮಾರಿತನ ಪಡುವವನು! ಇವನಿಗೆ ಅನ್ನ ಕಲಸಿ ತಿನ್ನಿಸಿದವಳು ನಾನು, ಇವನ ಮೂಗು ಒರೆಸಿದವಳು ನಾನು. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ಒದ್ದೆ ಬಟ್ಟೆಯನ್ನು ಎಂದಿಗಿಂತ ಜೋರಾಗಿ ಕೊಡವಿದೆ, ಅಷ್ಟೆ.

ಅಲ್ಲಿಂದಾಚೆ ದಿನವೂ ಸಂಜೆ ಡ್ಯೂಟಿ ಮುಗಿದ ಕೂಡಲೇ ಅವಳು ಫೋನ್ ಮಾಡುತ್ತಿದ್ದಳು, ಇವನು ಮಾಳಿಗೆ ಹತ್ತುತ್ತಿದ್ದ. ಸಿಗ್ನಲ್ ನೋಡಲು ಎನ್ನುತ್ತಿದ್ದ. ಯಾರಿಗೆ ಹೇಳುತ್ತೀಯೋ ಎಂದುಕೊಂಡು ನಾನು ಯಂತ್ರ ತುಳಿಯುತ್ತಿದ್ದೆ.

ಆಮೇಲೆ ಬಂದವನು ಬೂಟಿನವನು. ಕೇಂದ್ರದ ಪಕ್ಕದಲ್ಲೇ ಮೀನುಗಾರಿಕೆ ಇಲಾಖೆಯ ಕಚೇರಿ, ಅದಕ್ಕೆ ಲೈನು ಹಾಕಲು ಪಟ್ಟಣದ ಕಂಪನಿಯವರು ಅವನನ್ನು ಕಳಿಸಿದ್ದರು. ಮಾಳಿಗೆ ಹತ್ತುವಾಗಲೂ ಹೊಳೆಯುವ ಬೂಟು, ಇಸ್ತ್ರಿ ಮುರಿಯದ ಅಂಗಿ. ಅವನು ಮೂರು ಕಾಲಿನ ಕಬ್ಬಿಣದ ಗೋಪುರ ಕಟ್ಟಿಸಿ, ಅದರ ಮೇಲೆ ನಗಾರಿಯಷ್ಟು ದೊಡ್ಡ ಡಿಶ್ ಕೂರಿಸಿದ. ನಮ್ಮವನದು ಅದರ ಪಕ್ಕದಲ್ಲಿ ಬೋಗುಣಿಯ ಹಾಗೆ ಕಾಣುತ್ತಿತ್ತು. ತಮ್ಮ ದುರ್ಬೀನಿನಲ್ಲಿ ಅದನ್ನು ನೋಡಿದ, ಇಳಿದು ಬಂದ, ಅಷ್ಟು ದೂರಕ್ಕೆ ಅಷ್ಟು ದೊಡ್ಡದು ದಂಡ ಎಂದ. ಆದರೆ ಮರುದಿನ ಮತ್ತೆ ನೋಡಿದ.

ಕಿಡಿ ಬಿದ್ದದ್ದು ಒಂದು ಭಾನುವಾರ, ರಾತ್ರಿ ಊಟದ ಹೊತ್ತಿಗೆ. ಹಿಂದಿನ ವಾರ ನಮ್ಮ ಲೈನು ಅರ್ಧ ದಿನ ಸತ್ತಿತ್ತು. ಅವಳು ತಟ್ಟೆಗೆ ಬಡಿಸುತ್ತಾ, ಏನೂ ಮನಸ್ಸಿನಲ್ಲಿಲ್ಲದೆ ಹೇಳಿದಳು.

"ಅವತ್ತು ಬೂಟಿನವರ ಲೈನಿಂದಲೇ ದೊಡ್ಡಾಸ್ಪತ್ರೆಗೆ ರಿಪೋರ್ಟ್ ಕಳಿಸಿದ್ವಿ. ಅವರದ್ದು ಒಂದಿನಾನೂ ಹೋಗಿಲ್ಲ ನೋಡಿ. ಪಾಪ, ಒಳ್ಳೆಯವರು."

ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಲೈನು ಹೋದದ್ದಕ್ಕೆ ಅವನಿಗೆ ಅಷ್ಟು ಬೇಸರವಾಗಲಿಲ್ಲ. ಆ 'ಪಾಪ' ಇದೆಯಲ್ಲ, ಅದು ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಸಾಲದ್ದಕ್ಕೆ ಅವಳು ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ದೊಡ್ಡಾಸ್ಪತ್ರೆಯ ಡಾಕ್ಟರು ಇನ್ನು ಮುಂದೆ ಸಂಜೆ ಹೊತ್ತು ವಿಡಿಯೋದಲ್ಲೇ ಕೇಂದ್ರದ ರೋಗಿಗಳನ್ನು ನೋಡುತ್ತಾರೆ. ಈ ಗಾಳಿಗಾಲದಲ್ಲಿ ಯಾರ ಲೈನು ಕಡಿಯದೆ ಉಳಿಯುತ್ತದೋ ಅದನ್ನೇ ಕಾಯಂ ಇಟ್ಟುಕೊಳ್ಳುವುದು ಎಂದು ಕೇಂದ್ರದ ಡಾಕ್ಟರಮ್ಮ ಹೇಳಿದ್ದರು.

ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ತನ್ನ ಲೈನು ಕಿತ್ತು ಬೂಟಿನವನ ಲೈನು ಉಳಿಯುವುದು, ಅದೂ ಹೆಂಡತಿ ನಿಂತು ನೋಡುತ್ತಿರುವ ಮಾಳಿಗೆಯ ಮೇಲೆ! ಆ ರಾತ್ರಿ ಅವನು ಮೊಸರನ್ನೂ ಮುಟ್ಟದೆ ಎದ್ದ.

ನಮ್ಮ ಲೈನು ಸತ್ತದ್ದು ಯಾಕೆ ಅಂತೀರಿ? ಲಾಡ್ಜಿನ ವಾಚ್‌ಮನ್ ತನ್ನ ಇಸ್ತ್ರಿಪೆಟ್ಟಿಗೆಗೆ ಜಾಗ ಬೇಕೆಂದು ನಮ್ಮ ಪ್ಲಗ್ಗು ಕಿತ್ತಿದ್ದ. ಡಿಶ್ಶಿನದು ಎಳ್ಳಷ್ಟೂ ತಪ್ಪಿಲ್ಲ, ಅದು ತಮ್ಮನಿಗೂ ಗೊತ್ತು. ಇಸ್ತ್ರಿಪೆಟ್ಟಿಗೆಯ ತಪ್ಪಿಗೆ ಡಿಶ್ ಬದಲಾಯಿಸಿದವನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ, ಒಂದೇ ಮನೆಯಲ್ಲಿದ್ದೇನೆ.

ಆ ವಾರ ದಾರ, ಜಿಪ್ಪು ತರಲು ನಾನು ಪಟ್ಟಣಕ್ಕೆ ಹೊರಟಾಗ ಅವನೂ ಬಂದ. ಸಾಮಾನಿನ ಅಂಗಡಿಯ ಮುದುಕ ಇವನಿಗೆ ಹಳೆಯ ಪರಿಚಯ. ಇವನು ದೊಡ್ಡ ಡಿಶ್ಶಿನ ಜೋಡಿ ತೋರಿಸಿ ಎಂದಾಗ ಮುದುಕ ಕನ್ನಡಕ ಮೇಲೆತ್ತಿ, ದೂರ ಎಷ್ಟು ಎಂದು ಕೇಳಿದ. ನೀರಿನ ಮೇಲೆ ಐದಾರು ಕಿಲೋಮೀಟರು. ಅದಕ್ಕೆ ನಿನ್ನ ಹತ್ತಿರ ಇರುವ ಚಿಕ್ಕದೇ ಹೆಚ್ಚಾಯಿತಲ್ಲಪ್ಪ ಎಂದ ಮುದುಕ. ಇರಲಿ ಕೊಡಿ ಎಂದ ಇವನು. ಕಂಬ ಹೇಗಿದೆ ಎಂದು ಮುದುಕ ಕೇಳಿದ. ದಿನಕ್ಕೆ ಹತ್ತು ಜನರನ್ನು ಇದೇ ಪ್ರಶ್ನೆ ಕೇಳುವ ನನ್ನ ತಮ್ಮ, ಗಟ್ಟಿಯಾಗಿದೆ ಎಂದುಬಿಟ್ಟ.

"ಆ ಪೈಪು ಬಟ್ಟೆ ಒಣಗಿಸೋಕೂ ಲಾಯಕ್ಕಿಲ್ವಲ್ಲೋ" ಎಂದೆ ನಾನು.

"ನೀನು ನಿನ್ನ ದಾರ ನೋಡ್ಕೋ ಅಕ್ಕ" ಎಂದ.

ಹೊಸ ಕಂಬ ಹಾಕಬೇಕಾದರೆ ಮಾಳಿಗೆ ಅಗೆಯಬೇಕು, ಕಾಂಕ್ರೀಟು ಹಾಕಬೇಕು, ಅದಕ್ಕೆ ಮೇಲಿನವರ ಅಪ್ಪಣೆ ಬರಬೇಕು. ಅಷ್ಟು ದಿನ ಕಾಯುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಅದೇ ವಾರ ದೊಡ್ಡ ಡಿಶ್ ಒಂದನ್ನು ಟ್ಯಾಂಕಿನ ಪಕ್ಕ ಕೂರಿಸಿ, ಇನ್ನೊಂದನ್ನು ಲಾಂಚಿನಲ್ಲಿ ಹೇರಿಕೊಂಡು ಹೋಗಿ ಹಳೆಯ ಪೈಪಿಗೇ ಬಿಗಿದ. ಅವಳು ವಾರ್ಡಿನಲ್ಲಿ ಇದ್ದಳು, ಆ ತುದಿಗೆ ಇವನೇ ನಿಂತ, ಆದ್ದರಿಂದ ಈ ಕಡೆ ಸಂಖ್ಯೆ ಓದುವ ಕೆಲಸ ನನ್ನ ತಲೆಗೆ ಬಂತು. ಹೆಂಡತಿಗೆ ಅವಸರ ಇಲ್ಲ ಎಂದವನು ನನಗೆ ಬೇಗ ಹೇಳಕ್ಕ, ಬೇಗ, ನಿದ್ದೆ ಬಂತಾ ಎಂದ. ಇರಲಿ, ಅದನ್ನೂ ನುಂಗಿದೆ. ಬೆಳಗಿನ ಹೊತ್ತು, ಎಲೆ ಅಲುಗುತ್ತಿರಲಿಲ್ಲ. ಸಂಖ್ಯೆ ಐವತ್ತಕ್ಕಿಂತಲೂ ಕೆಳಗೆ ಬಂತು. ಮರಳಿ ಬಂದವನ ಮುಖ ನೋಡಬೇಕಿತ್ತು, ಕಾಲು ನೆಲದ ಮೇಲೆ ಇರಲಿಲ್ಲ.

ಗಾಳಿಗಾಲ ಶುರುವಾಯಿತು. ನಮ್ಮಲ್ಲಿ ಹಿನ್ನೀರಿನ ಗಾಳಿ ಏಳುವುದೇ ಸಂಜೆ, ಡಾಕ್ಟರು ವಿಡಿಯೋದಲ್ಲಿ ಬರುವುದೂ ಸಂಜೆ. ಮೊದಲೆರಡು ದಿನ ಲೈನು ಕಡಿದು ಕಡಿದು ಬಂತಂತೆ. ಆಮೇಲೆ ತಾನಾಗಿಯೇ ಸರಿಹೋಯಿತು. ತಮ್ಮ ಮೀಸೆ ತಿರುವಿದ. ಆದರೆ ಅದೇ ದಿನದಿಂದ ಹೆಂಡತಿಯ ಸಂಜೆಯ ಫೋನು ನಿಂತಿತು. ಕೇಳಿದರೆ ಕೆಲಸ ಇತ್ತು ಎಂದಳು. ಡ್ಯೂಟಿ ಮುಗಿದ ಮೇಲೆ ಯಾವ ಕೆಲಸ?

ದುರ್ಬೀನು ಇರುವವನಿಗೆ ಹೊಟ್ಟೆಕಿಚ್ಚು ಬರಬಾರದು. ಮಾಳಿಗೆ ಹತ್ತಿ ನೋಡಿದ. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ, ಬಿಳಿ ಯೂನಿಫಾರ್ಮು ಮಾತ್ರ ಕಾಣುತ್ತದೆ. ಅದು ಕೇಂದ್ರದ ಮಾಳಿಗೆಯ ಮೇಲೆ ಕಂಬಕ್ಕೆ ಒರಗಿ ನಿಂತಿತ್ತು. ಪಕ್ಕದ ಮಾಳಿಗೆಯಲ್ಲಿ ಗೋಪುರದ ಬುಡದಲ್ಲಿ ಒಂದು ಕಪ್ಪು ಆಕೃತಿ. ಮರುದಿನವೂ ಅದೇ. ಒಂದು ದಿನ ಕಪ್ಪು ಆಕೃತಿ ಗೋಡೆ ದಾಟಿ ಈ ಮಾಳಿಗೆಗೇ ಬಂದಿತ್ತು, ಇಬ್ಬರೂ ಕಂಬದ ಬುಡದಲ್ಲಿ ಬಗ್ಗಿ ಏನೋ ಮಾಡುತ್ತಿದ್ದರು.

ನನ್ನ ತಮ್ಮ ಒಳಗೊಳಗೇ ಬೆಂದುಹೋದ. ಗಿರಾಕಿಗಳ ಮೇಲೆ ಹರಿಹಾಯ್ದ, ಕ್ಲಾಂಪುಗಳನ್ನು ಎತ್ತೆತ್ತಿ ಹಾಕಿದ. ಸಂಜೆಯಾದರೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಒಂದು ಕಣ್ಣು ಸಂಖ್ಯೆಯ ಮೇಲೆ, ಒಂದು ಕಣ್ಣು ದುರ್ಬೀನಿನಲ್ಲಿ. ನೇರವಾಗಿ ಕೇಳೋ ಮಾರಾಯ ಎಂದೆ. ಏನು ಕೇಳಲಿ, ಯಾವ ಬಾಯಲ್ಲಿ ಕೇಳಲಿ ಎಂದ. ಸತ್ಯ ಹೇಳುತ್ತೇನೆ, ಆ ದಿನಗಳಲ್ಲಿ ಅವನು ಅವಳ ಹೆಸರೆತ್ತದೆ ನನ್ನ ಹತ್ತಿರವೇ ಕೂತು ಟೀ ಕುಡಿಯುತ್ತಿದ್ದ. ನನಗದು ಹಿತವಾಗಿಯೇ ಇತ್ತು.

ಒಂದು ಗುರುವಾರ ಗಾಳಿ ಬಲವಾಗಿತ್ತು. ಬಟ್ಟೆಗಳು ಹಾರಿಹೋಗುತ್ತವೆಂದು ನಾನು ಮಾಳಿಗೆ ಹತ್ತಿದಾಗ ಅವನು ದುರ್ಬೀನು ಕಣ್ಣಿಗೊತ್ತಿ ನಿಂತಿದ್ದ, ದವಡೆ ಬಿಗಿದಿತ್ತು. ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೆ ಮಾಡಿದ. ಕೊನೆಗೆ ಎತ್ತಿದಳು. ಗಾಳಿಗೆ ಕೇಳಿಸುವುದಿಲ್ಲವೆಂದು ಸ್ಪೀಕರ್ ಹಾಕಿದ್ದ, ಹಾಗಾಗಿ ನನಗೂ ಕೇಳಿಸಿತು.

"ಕೆಳಗಿಳಿ" ಎಂದ.

"ಈಗ ಆಗಲ್ಲ ರೀ."

"ಯಾಕಾಗಲ್ಲ? ದಿನಾ ಸಂಜೆ ಅಲ್ಲಿ ಯಾರನ್ನ ನೋಡ್ಕೊಂಡು ನಿಂತಿರ್ತೀಯ ಅಂತ ನನಗೆ ಗೊತ್ತು."

ಗಾಳಿಯ ಸದ್ದಿನ ನಡುವೆ ಅವಳ ದನಿ, ತಣ್ಣಗೆ.

"ಸರಿ. ಇಳೀತೀನಿ."

ಬಿಳಿ ಯೂನಿಫಾರ್ಮು ಮಾಳಿಗೆಯಿಂದ ಮರೆಯಾದದ್ದನ್ನು ಅವನು ದುರ್ಬೀನಿನಲ್ಲಿ ನೋಡಿದ. ಗೆದ್ದೆ ಎಂಬಂತೆ ಉಸಿರು ಬಿಟ್ಟ. ನಾನು ನೋಡುತ್ತಿದ್ದದ್ದು ಬಕೆಟ್ಟಿನ ಮೇಲಿದ್ದ ಲ್ಯಾಪ್‌ಟಾಪನ್ನು. ಐವತ್ತೆರಡು ಇದ್ದದ್ದು ಅರವತ್ತಾಯಿತು, ಐವತ್ತೈದಾಯಿತು, ಎಪ್ಪತ್ತು, ಅರವತ್ತು, ಎಂಬತ್ತು.

"ಲೋ, ಇಲ್ಲಿ ನೋಡು" ಎಂದೆ.

ನೋಡಿದ. ಅಷ್ಟರಲ್ಲಿ ಕೇಂದ್ರದ ಆಯಾ ಫೋನ್ ಮಾಡಿದಳು. ಬಸುರಿ ಹೆಂಗಸೊಬ್ಬಳನ್ನು ಡಾಕ್ಟರು ನೋಡುತ್ತಿದ್ದರಂತೆ, ಬಾಯಿ ತೆರೆದ ಡಾಕ್ಟರ ಮುಖ ಹಾಗೇ ನಿಂತುಬಿಟ್ಟಿದೆಯಂತೆ, ಲೈನು ಹೋಯಿತು ಏನು ಮಾಡೋಣ ಎಂದು ಕೇಳಿದಳು. ತಮ್ಮ ಬಕೆಟ್ಟಿನ ಮುಂದೆ ಕುಕ್ಕರಿಸಿದ. ಸಂಖ್ಯೆ ನೋಡಿದ, ಆಚೆ ದಡ ನೋಡಿದ. ದೊಡ್ಡ ಡಿಶ್ಶು, ಸಣ್ಣ ಧಾರೆ, ಬಟ್ಟೆ ಒಣಗಿಸಲೂ ಲಾಯಕ್ಕಿಲ್ಲದ ಪೈಪು. ದಿನವೂ ಸಂಜೆ ಅವಳು ಒರಗಿ ನಿಂತಿದ್ದದ್ದಲ್ಲ. ಎರಡು ಕೈಯಿಂದಲೂ ಕಂಬ ತಬ್ಬಿ ಹಿಡಿದಿದ್ದಳು. ಫೋನ್ ಮಾಡಲು ಕೈ ಎಲ್ಲಿಂದ ಬರಬೇಕು?

ಅವನ ಮುಖ ಕಪ್ಪಿಟ್ಟಿತು. ಫೋನು ಕೈಯಲ್ಲಿತ್ತು, ಮತ್ತೆ ಹತ್ತು ಎಂದು ಯಾವ ನಾಲಿಗೆಯಿಂದ ಹೇಳುತ್ತಾನೆ? ಹೇಳುವ ಅಗತ್ಯವೂ ಬೀಳಲಿಲ್ಲ. ಸಂಖ್ಯೆ ಏರುವುದು ನಿಂತಿತು, ಎಪ್ಪತ್ತಕ್ಕೆ ಬಂತು, ಅರವತ್ತು, ಐವತ್ತೈದು, ಐವತ್ತೆರಡಕ್ಕೆ ಬಂದು ನಿಂತಿತು. ಯಾರೂ ಕರೆಯದೆ ಅವಳೇ ಮೇಲೆ ಹತ್ತಿದ್ದಳು. ತಮ್ಮ ದುರ್ಬೀನು ಎತ್ತಲಿಲ್ಲ. ಕತ್ತಿನಿಂದ ಬಿಚ್ಚಿ ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತ.

ಮರುದಿನ ಮೊದಲ ಲಾಂಚಿಗೆ ಹಳೆಯ ಚಿಕ್ಕ ಡಿಶ್ ಎತ್ತಿಕೊಂಡು ಹೊರಟ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಪೈಪಿನ ಬುಡಕ್ಕೆ ಮುರಿದ ಕಾಲಿಗೆ ಸುತ್ತುವ ಹಾಗೆ ಬ್ಯಾಂಡೇಜು ಸುತ್ತಿ, ಹಗ್ಗ ಬಿಗಿದಿತ್ತಂತೆ. ಹಗ್ಗ ಬೂಟಿನವನು ತಂದುಕೊಟ್ಟದ್ದು. ಅವತ್ತು ಇಬ್ಬರೂ ಬಗ್ಗಿ ಮಾಡುತ್ತಿದ್ದದ್ದು ಅದೇ ಕೆಲಸ. ನಿಮ್ಮ ಯಜಮಾನರಿಗೆ ಹೇಳಿ ಎಂದು ಬೂಟಿನವನು ಅಂದಾಗ ದಯವಿಟ್ಟು ಹೇಳಬೇಡಿ ಎಂದಿದ್ದಳಂತೆ. ಈಗ ಡಿಶ್ ಇಳಿಸುವಾಗ ಏಣಿ ಹಿಡಿದವನೂ ಅವನೇ. ಬೂಟು ಕೆಸರಾಯಿತಂತೆ. ಅಷ್ಟಾದರೂ ಆಯಿತಲ್ಲ ಎಂದು ನನ್ನ ತಮ್ಮನಿಗೆ ಸಣ್ಣ ಸಮಾಧಾನ.

ನನಗೆ ಯಾಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದನಂತೆ. ಅವಳು ಕೊಟ್ಟ ಉತ್ತರವನ್ನು ಅವನು ಅಂಗಡಿಯ ಪರದೆಯ ಆಚೆ ನಿಂತೇ ನನಗೆ ಹೇಳಿದ.

"ಹೇಳಿದ್ರೆ ನೀವು ಅವರ ಮುಂದೆ ಸೋತ ಹಾಗೆ ಆಗ್ತಿತ್ತು. ಹಿಡ್ಕೊಂಡಿದ್ರೆ ಆಗ್ತಿರಲಿಲ್ಲ."

ಚಿಕ್ಕ ಡಿಶ್ಶನ್ನು ಮತ್ತೆ ಕೂಡಿಸುವಾಗ ಈ ಕಡೆ ನಾನೇ ಸಂಖ್ಯೆ ಓದಿದೆ. ಈ ಸಲ ಅವಸರ ಇಲ್ಲ ಅಕ್ಕ ಎಂದ. ಗಾಳಿಗಾಲ ಮುಗಿಯುವ ತನಕ ಆ ಲೈನು ಅಲುಗಲಿಲ್ಲ, ಡಾಕ್ಟರಮ್ಮ ಅದನ್ನೇ ಕಾಯಂ ಮಾಡಿದರು. ದೊಡ್ಡ ಜೋಡಿಯನ್ನು ಭಟ್ಟಿಯ ಯಜಮಾನ ಕುಣಿಯುತ್ತಾ ಕೊಂಡುಹೋದ. ಭಟ್ಟಿಯಲ್ಲಿ ಅದಕ್ಕೆ ಕಂಬವನ್ನು ಮಾತ್ರ ತಮ್ಮನೇ ನಿಂತು ಹಾಕಿಸಿದ, ಆನೆ ಕಟ್ಟುವಷ್ಟು ದಪ್ಪದ್ದು.

ಆ ಶನಿವಾರ ಅವಳು ಮನೆಗೆ ಬಂದಾಗ ತೋಳುಗಳ ಒಳಗಡೆ ತುಕ್ಕಿನ ಕಲೆ, ತರಚಿದ ಗೆರೆಗಳು. ನಾನೇ ಎಣ್ಣೆ ಹಚ್ಚಿದೆ. ಹಚ್ಚುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಪೈಪು ಸರಿಯಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ನಾನು, ಅದೂ ಅಂಗಡಿಯವನ ಎದುರಿಗೇ, ಅವನ ಮಾನ ಕಳೆಯುವ ಹಾಗೆ. ಇವಳು ಬಾಯಿ ಬಿಡದೆ ಹೋಗಿ ಹಿಡಿದುಕೊಂಡಳು. ನಾನು ಸಾಕಿದ ಹುಡುಗ ಇನ್ನು ಪೂರ್ತಿ ಅವಳವನು.

ದುರ್ಬೀನು ಈಗ ನನ್ನ ಅರ್ಧದ ಗೋಡೆಗೆ, ಅಳತೆ ಟೇಪಿನ ಪಕ್ಕ ನೇತಾಡುತ್ತದೆ. ಕೆಲಸವಿದ್ದಾಗ ಮಾತ್ರ ಕೇಳಿ ತೆಗೆದುಕೊಂಡು ಹೋಗುತ್ತಾನೆ. ಸಂಜೆಯ ಫೋನು ಮತ್ತೆ ಶುರುವಾಗಿದೆ. ಮೊನ್ನೆ ಅವನು ಮಾಳಿಗೆಯ ಮೂಲೆಯಲ್ಲಿ ಫೋನಿಗೆ ಮುಖ ಕೊಟ್ಟು ನಗುತ್ತಿದ್ದಾಗ ನಾನು ಬಟ್ಟೆ ತರುವ ನೆಪದಲ್ಲಿ ಹತ್ತಿದೆ. ಸೆರಗಿನೊಳಗೆ ದುರ್ಬೀನು ಇತ್ತು. ಟ್ಯಾಂಕಿನ ಮರೆಯಲ್ಲಿ ನಿಂತು ನೋಡಿದೆ. ಗಾಳಿ ಇರಲಿಲ್ಲ, ಚಿಕ್ಕ ಡಿಶ್ಶಿಗೆ ಯಾರ ಆಸರೆಯೂ ಬೇಕಿರಲಿಲ್ಲ. ಆದರೂ ಆ ಬಿಳಿ ಯೂನಿಫಾರ್ಮು ಕಂಬಕ್ಕೆ ಒರಗಿ ನಿಂತಿತ್ತು. ಬಹಳ ಹೊತ್ತು ನೋಡಿದೆ.

ಯಾವಾಗ ತಿರುಗಿದನೋ ಗೊತ್ತಿಲ್ಲ. ಫೋನಿನಲ್ಲಿ ಏನೋ ಪಿಸುಗುಟ್ಟಿ, ಸ್ಪೀಕರ್ ಹಾಕಿ, ತೋಳು ಚಾಚಿ ನನ್ನ ಮುಂದೆ ಹಿಡಿದ.

"ಅಕ್ಕಾ," ಎಂದಳು ಅವಳು, ನಗು ತಡೆದುಕೊಂಡು, "ನಾನು ಕೆಳಗಿಳೀಲಾ?"

ನನ್ನ ಕಿವಿಯ ತನಕ ಬಿಸಿಯಾಯಿತು. ದುರ್ಬೀನು ಇಳಿಸಿ ಬಕೆಟ್ಟಿನ ಕಡೆ ನೋಡಿದೆ. ಲ್ಯಾಪ್‌ಟಾಪಿನ ಮೇಲೆ ಸಂಖ್ಯೆ ಒಂದಿಷ್ಟೂ ಅಲುಗದೆ ನಿಂತಿತ್ತು.

"ಬೇಡ, ಇರು" ಎಂದೆ. "ಸಿಗ್ನಲ್ ಚೆನ್ನಾಗಿದೆ."